ಇಪ್ಪತ್ತನಾಲ್ಕು ಬೆಣೆಗಳ ಇಗರ್ಜಿ

ಸೌದಿಯ ರಾಬಿಗ್‌ನ ನಮ್ಮ ಕೆಲಸಗಾರರ ಕ್ಯಾಂಪಿನಲ್ಲಿ ನೂರ ಎಂಬತ್ತು ಬಾಗಿಲುಗಳಿವೆ. ಅವುಗಳಲ್ಲಿ ಕಿರುಗುಟ್ಟದ ಬಾಗಿಲು ಒಂದೇ ಒಂದು. ಅದು ಮೂಸಾಕನ ಕೋಣೆಯದು. ಹೆಸರು ಮೂಸಾ, ಹಿರಿಯರಾದ್ದರಿಂದ ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರ ಮರ್ಯಾದೆಯ ಬಾಲ ಸೇರಿ ಮೂಸಾಕ. ವಯಸ್ಸು ಐವತ್ತಮೂರು. ಅದರಲ್ಲಿ ಇಪ್ಪತ್ತೆರಡು ವರ್ಷ ಸೌದಿಯ ಲೆಕ್ಕಕ್ಕೆ ಹೋಗಿದೆ.

ಕೆಲಸ ಬಡಗಿಯದು. ಆದರೆ ರಿಫೈನರಿ ಊರಿನಲ್ಲಿ ಬಡಗಿಗೆ ಮಂಚ, ಬಾಗಿಲು, ತೊಟ್ಟಿಲು ಮಾಡುವ ಭಾಗ್ಯ ಎಲ್ಲಿಂದ ಬರಬೇಕು? ವಾಲ್ವು, ಪಂಪುಗಳನ್ನು ತುಂಬುವ ಪೆಟ್ಟಿಗೆ ಮಾಡುವುದು, ಎತ್ತರದಲ್ಲಿ ಕೆಲಸ ಮಾಡುವವರು ನಿಲ್ಲಲು ಹಲಗೆ ಕತ್ತರಿಸುವುದು, ಇಷ್ಟೇ. ಇವರು ಎಂಟು ಗಂಟೆ ಕೂತು ಮಾಡಿದ ಪೆಟ್ಟಿಗೆಯನ್ನು ಪ್ಲಾಂಟಿನ ಒಳಗೆ ಯಾರೋ ಎಂಟು ನಿಮಿಷದಲ್ಲಿ ಒಡೆದು ಮೂಲೆಗೆ ಬಿಸಾಡುತ್ತಾರೆ. "ಸೌದಿಗೆ ಬಂದು ನಾನು ಮಾಡಿದ್ದೆಲ್ಲ ಸೌದೆಯೇ ಮಾರಾಯ" ಎಂದು ಮೂಸಾಕ ಹೇಳುತ್ತಾರೆ. ಹೇಳಿ ನಗುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಮಾತು, ಇದೇ ನಗು.

ಇನ್ನೊಂದು ಅಭ್ಯಾಸವುಂಟು ಅವರಿಗೆ. ಕಂಡ ಮರವನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಮೆಸ್ಸಿನ ಮೇಜು, ಕ್ಯಾಂಪಾಫೀಸಿನ ಕೌಂಟರ್, ಮಸೀದಿಯ ಚಪ್ಪಲಿ ಗೂಡು, ಯಾವುದನ್ನೂ ಬಿಡುವುದಿಲ್ಲ. ಡಾಕ್ಟರು ರೋಗಿಯ ಬೆನ್ನು ತಟ್ಟುವ ಹಾಗೆ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಾರೆ. ಕೌಂಟರಿನ ಹಿಂದೆ ಕೂರುವ ಅನಸ್ ಭಟ್ಕಳದವನು, ರಜೆ, ಇಕಾಮಾ ಎಂಬ ವಾಸದ ಪರವಾನಗಿ, ಟಿಕೆಟುಗಳ ಕಾಗದ ನೋಡಿಕೊಳ್ಳುವ ಗುಮಾಸ್ತ. "ಮೂಸಾ ಭಾಯ್, ಬಾಗಿಲು ತೆರೆದೇ ಉಂಟು, ಮತ್ತೆ ಯಾಕೆ ತಟ್ತೀರಿ?" ಎಂದು ರೇಗಿಸುತ್ತಾನೆ.

ತಟ್ಟುವುದನ್ನು ಅವರಿಗೆ ಕಲಿಸಿದ್ದು ಒಂದು ಇಗರ್ಜಿ.

ಮಂಗಳೂರಿನ ಕಡೆ ಹೊಳೆಯೊಂದರ ನಡುವೆ ಬೊಕ್ಕರ ಕುದ್ರು ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಕ್ರಿಸ್ತುವರು ನೂರ ಇಪ್ಪತ್ತು ವರ್ಷಗಳ ಹಿಂದೆ ಕೆಂಪುಕಲ್ಲಿನ ಇಗರ್ಜಿ ಕಟ್ಟಲು ಹೋದರು. ಕುದ್ರಿನ ಮರಳು ಕಲ್ಲಿನ ಭಾರ ತಾಳದೆ ಗೋಡೆಯನ್ನು ಮೊಣಕಾಲಿನವರೆಗೆ ನುಂಗಿತು. ಆಗ ಹಗುರವಾಗಿರಲಿ ಎಂದು ಪೂರಾ ಮರದ್ದೇ ಕಟ್ಟಿದರು. ಕಂಬ, ಗೋಡೆ, ಮಾಡು, ಗಂಟೆಯ ಗೂಡು, ಎಲ್ಲವೂ ಮರ. ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲವೆಂದು ಒಂದೇ ಒಂದು ಮೊಳೆ ಹೊಡೆಯಲಿಲ್ಲ. ಆರು ಕಂಬಗಳ ಮೇಲೆ ಮೂವತ್ತೆಂಟು ಅಡಿಯ ಒಂದೇ ಕಿರಾಲ್‌ಬೋಗಿ ತೊಲೆ. ಕಂಬಕ್ಕೆ ನಾಲ್ಕರಂತೆ ಇಪ್ಪತ್ತನಾಲ್ಕು ಮರದ ಬೆಣೆಗಳು ಅದನ್ನು ಹಿಡಿದುಕೊಂಡಿದ್ದವು. ಕಟ್ಟಿದವರು ಮೂಸಾಕನ ಮುತ್ತಜ್ಜ. ಅಂದಿನಿಂದ ಪ್ರತಿ ವರ್ಷ ಬೇಸಗೆ ಮುಗಿಯುವ ಮುಂಚೆ ಆ ಮನೆಯವರು ಕುದ್ರಿಗೆ ಹೋಗಿ, ಮರದ ಕೊಡತಿಯಿಂದ ಒಂದೊಂದು ಬೆಣೆಯನ್ನೂ ತಟ್ಟಿ, ಸಡಿಲವಾದದ್ದನ್ನು ಬಿಗಿ ಮಾಡಿ ಬರುವುದು ಪದ್ಧತಿ. ಇಗರ್ಜಿಯವರು ಅದಕ್ಕೆ ಒಂದು ಗೊನೆ ಬಾಳೆಹಣ್ಣು ಕೊಡುತ್ತಿದ್ದರು. ಇಗರ್ಜಿಯಲ್ಲಿ ಬ್ಯಾರಿಗಳಿಗೆ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ಮೂಸಾಕನ ಬಾಪ, ಅಂದರೆ ತಂದೆ, ಹೇಳುತ್ತಿದ್ದರಂತೆ: "ದೇವರು ಅವರದ್ದು, ತೊಲೆ ನಮ್ಮದು."

ಬಿಗಿ ಮಾಡುವುದಕ್ಕಿಂತ ಬಿಚ್ಚುವುದು ಕಷ್ಟದ ವಿದ್ಯೆ. ಭಾರ ಹೊತ್ತ ಬೆಣೆಯನ್ನು ತಟ್ಟಿದರೆ 'ಟಕ್' ಎಂದು ಚಿಕ್ಕದಾಗಿ ಹೇಳುತ್ತದೆ. ಭಾರ ಇಲ್ಲದ್ದು 'ಡೊಬ್' ಎಂದು ಸೋಮಾರಿಯಾಗಿ ಆಕಳಿಸುತ್ತದೆ. ತೆಗೆಯಬೇಕಾದದ್ದು ಆಕಳಿಸುವುದನ್ನು. ಆದರೆ ಅದನ್ನು ತೆಗೆದ ಕೂಡಲೇ ಭಾರ ಬೇರೆ ಕಡೆ ಸರಿದು ಉಳಿದೆಲ್ಲ ಬೆಣೆಗಳ ದನಿ ಬದಲಾಗುತ್ತದೆ. ಮತ್ತೆ ಮೊದಲಿನಿಂದ ತಟ್ಟಬೇಕು, ಕೇಳಬೇಕು. ತಪ್ಪಿ ಒಂದು 'ಟಕ್' ಬೆಣೆ ತೆಗೆದರೆ ತೊಲೆಯ ಭಾರವೆಲ್ಲ ಒಂದೇ ಕಡೆ ಬಿದ್ದು ಅದು ಉದ್ದಕ್ಕೆ ಸೀಳುತ್ತದೆ. ಹಾಗಾಗಿ ಯಾವುದರ ನಂತರ ಯಾವುದು ಎಂದು ಕಾಗದದಲ್ಲಿ ಬರೆದಿಡಲು ಬರುವುದಿಲ್ಲ. ಬಾಪ ಮಗನಿಗೆ ಇದನ್ನು ಬಾಯಲ್ಲಿ ಹೇಳಿಕೊಟ್ಟದ್ದೇ ಇಲ್ಲ. ಕೈ ಹಿಡಿದು ತಟ್ಟಿಸಿದ್ದು, ಅಷ್ಟೇ.

ಈ ವರ್ಷ ಹೊಳೆ ಕುದ್ರಿನ ಪಡುಬದಿಯನ್ನು ತಿಂದು ಇಗರ್ಜಿಯ ಮೆಟ್ಟಿಲಿಗೆ ಬಂದು ಮುಟ್ಟಿತು. ಮಳೆಗಾಲದ ಮೊದಲೇ ಬಿಚ್ಚಿ ಆಚೆ ದಡಕ್ಕೆ ಸಾಗಿಸಬೇಕೆಂದು ಪಾದ್ರಿ ಫಾದರ್ ಆಲ್ಬನ್ ಅವರ ಸಮಿತಿ ತೀರ್ಮಾನಿಸಿತು. ಆದರೆ ಸಮಿತಿಯಲ್ಲಿ ಎರಡು ಪಂಗಡ. ಅರ್ಧ ಜನರಿಗೆ ಮರದ್ದೇ ಮತ್ತೆ ನಿಲ್ಲಬೇಕು. ಇನ್ನರ್ಧ ಜನರ ಹತ್ತಿರ ಕಾಂಕ್ರೀಟಿನ ಬ್ಲೂಪ್ರಿಂಟ್ ಆಗಲೇ ತಯಾರಿತ್ತು, ಮೇಲೆ ನೀಲಿ ತಗಡು, ಪಾರ್ಕಿಂಗ್ ಸಹಿತ. ಕೊನೆಗೆ ಒಂದು ಒಪ್ಪಂದವಾಯಿತು: ತೊಲೆ ಇಡಿಯಾಗಿ ಇಳಿದರೆ ಮರದ ಇಗರ್ಜಿ, ಒಡೆದರೆ ಕಾಂಕ್ರೀಟು. ಅಂಥ ತೊಲೆ ಈಗ ಕೊಳ್ಳಲು ಸಿಕ್ಕುವುದಿಲ್ಲವೆಂಬುದು ಎರಡೂ ಪಂಗಡಕ್ಕೆ ಗೊತ್ತಿತ್ತು. ಎರಡನೆಯ ಪಂಗಡಕ್ಕೆ ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಫಾದರ್ ಆಲ್ಬನ್ ಮೂಸಾಕನಿಗೆ ಫೋನ್ ಮಾಡಿದರು. "ನಿಮ್ಮನ್ನು ಬಿಟ್ರೆ ಯಾರೂ ಇಲ್ಲ ಮೂಸಾ. ಮೇ ತಿಂಗಳು ಒಂದು ವಾರ ಬಂದು ಹೋಗಿ." ರಜೆ ಕೊಡಿಸಲು ಲೆಟರ್‌ಹೆಡ್ಡಿನಲ್ಲಿ ಒಂದು ಕಾಗದವನ್ನೂ ಕಳಿಸಿದರು. ಅದರ ತಲೆಯ ಮೇಲೆ ಎರಡು ದೇವದೂತರು, ನಡುವೆ ದೊಡ್ಡ ಶಿಲುಬೆ.

ಅನಸ್ ಅದನ್ನು ನೋಡಿದವನೇ ಕಂಪ್ಯೂಟರಿನ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. "ಮೂಸಾ ಭಾಯ್, ಇದನ್ನು ಮುದೀರ್ ಕೈಗೆ ಹ್ಯಾಗೆ ಕೊಡೋದು? ರಜೆಗೆ ಇಲ್ಲಿ ಐದೇ ಕಾರಣ ಉಂಟು. ಮದುವೆ, ಮರಣ, ಕಾಯಿಲೆ, ಹೆರಿಗೆ, ಹಜ್. ಇಗರ್ಜಿ ಬಿಚ್ಚೋದು ಅಂತ ಒತ್ಲಿಕ್ಕೆ ಜಾಗವೇ ಇಲ್ಲ."

"ಮನೆ ರಿಪೇರಿ ಅಂತ ಹಾಕು ಮಾರಾಯ."

"ಯಾರ ಮನೆ?"

"ದೇವರ ಮನೆ. ಸುಳ್ಳೇನಲ್ಲವಲ್ಲ?"

ಅನಸ್ ಮರಣದ ಕೆಳಗೆ 'ಇತರೆ' ಎಂಬ ಚೌಕ ಹುಡುಕಿ ಮನೆ ರಿಪೇರಿ ಎಂದು ಹಾಕಿದ. ಮುದೀರ್, ಅಂದರೆ ಮ್ಯಾನೇಜರ್, ಕೆಟ್ಟವರಲ್ಲ. ಚಹಾ ಕೊಟ್ಟು ಕೂರಿಸಿ ವಿಷಯ ತಿಳಿಸಿದರು. ಮೇ ತಿಂಗಳು ಪ್ಲಾಂಟ್ ಶಟ್‌ಡೌನ್. ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಆ ಮೂವತ್ತು ದಿನ ಯಾರಿಗೂ ರಜೆಯಿಲ್ಲ. ಪ್ಲಾಂಟ್ ಶಟ್‌ಡೌನ್ ಎಂದರೆ ಕೆಲಸದವರು ಶಟ್‌ಅಪ್. ಅದು ಹೋಗಲಿ ಎಂದರೂ ಮೂಸಾಕನ ಇಕಾಮಾದ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಅದನ್ನು ನವೀಕರಿಸುವ ಕಂಪನಿಯ ಕಾಗದ ಎಲ್ಲೋ ಸಿಕ್ಕಿಬಿದ್ದಿತ್ತು. ಇಕಾಮಾ ಇಲ್ಲದೆ ಊರಿಗೆ ಹೋಗಿ ಬರುವ ವೀಸಾ ಇಲ್ಲ. ಹೆಸರಿನಲ್ಲೇ ಕಾಮಾ ಇರುವ ವಸ್ತು ಅದು; ಬದುಕಿಗೆ ಎಲ್ಲೆಂದರಲ್ಲಿ ಅಲ್ಪವಿರಾಮ ಹಾಕುತ್ತದೆ, ಮುಂದಿನ ಮಾತು ಯಾವಾಗ ಎಂದು ಹೇಳುವುದಿಲ್ಲ.

"ಬಾದ್ ಶಟ್‌ಡೌನ್, ಇನ್ಶಾಅಲ್ಲಾ" ಎಂದರು ಮುದೀರ್. ಶಟ್‌ಡೌನ್ ಆದ ಮೇಲೆ ಎಂದು ಅರ್ಥ. ಅಷ್ಟರಲ್ಲಿ ಕುದ್ರಿಗೆ ಮಳೆ ಬಂದಿರುತ್ತದೆ.

ಉಪಾಯ ಹುಡುಕಿದ್ದು ಮೂಸಾಕನ ಮಗಳು ಶಹಲಾ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. "ಬಾಪಾ, ನಾನು ಕುದ್ರಿಗೆ ಹೋಗಿ ವಿಡಿಯೋ ಕಾಲ್ ಮಾಡ್ತೇನೆ. ತುಕ್ರಣ್ಣ ತಟ್ಟಲಿ. ನೀವು ಅಲ್ಲಿಂದಲೇ ಕೇಳಿ ಹೇಳಿ."

ತುಕ್ರ ಮೂಸಾಕನ ಬಾಪನ ಕಾಲದಿಂದ ತೊಲೆಯ ಮೇಲೆ ಹತ್ತುತ್ತಿದ್ದವನು. ಅರವತ್ತೈದಾದರೂ ಕೈಯಲ್ಲಿ ಕಸುವಿದೆ, ಹತ್ತಿದರೆ ಬೆಕ್ಕು. ತೊಂದರೆ ಒಂದೇ: ಉತ್ಸವಗಳಲ್ಲಿ ಗರ್ನಾಲು ಸಿಡಿಸಿ ಸಿಡಿಸಿ ಅವನ ಎರಡೂ ಕಿವಿ ಹೋಗಿವೆ. ಹೀಗೆ ಕೈ ತುಕ್ರನದು, ಕಿವಿ ಮೂಸಾಕನದು, ನಡುವೆ ಅರಬೀ ಸಮುದ್ರ.

ಮೊದಲ ದಿನ ಮೂಸಾಕ ಪ್ಲಾಂಟಿನ ಗೇಟಿನ ಹೊರಗಿನ ಮರದ ಶೆಡ್ಡಿನಲ್ಲೇ ಇದ್ದರು. ಫೋನನ್ನು ಪೆಟ್ಟಿಗೆಯೊಂದಕ್ಕೆ ಒರಗಿಸಿದರು. ಪರದೆಯಲ್ಲಿ ಇಗರ್ಜಿಯ ಒಳಗು ಕಾಣಿಸಿತು. ಮಾಡಿನ ಹಲಗೆ ಇಳಿಸಿದ್ದರಿಂದ ಯಾವತ್ತೂ ಬಿಸಿಲು ಕಾಣದ ತೊಲೆಯ ಮೇಲೆ ಬಿಸಿಲು ಬಿದ್ದಿತ್ತು. ಮೇಲೆ ತುಕ್ರ ಕೂತಿದ್ದ. ಕೆಳಗೆ ಫಾದರ್ ಆಲ್ಬನ್ ಹೆಲ್ಮೆಟ್ ಹಾಕಿದ್ದರು. ಬೈಕಿನದು.

"ತಟ್ಟಲಿಕ್ಕೆ ಹೇಳು" ಎಂದರು ಮೂಸಾಕ.

ಶಹಲಾ ಕೈಸನ್ನೆ ಮಾಡಿದಳು. ತುಕ್ರ ಕೊಡತಿ ಎತ್ತಿ ತಟ್ಟಿದ್ದು ಕಂಡಿತು. ಸದ್ದು ಬರಲಿಲ್ಲ.

"ಎಂತ, ಕೇಳುದಿಲ್ಲ. ಜೋರು."

ತುಕ್ರ ಜೋರಾಗಿ ತಟ್ಟಿದ. ಫಾದರ್ ಕೆಮ್ಮಿದ್ದು ಕೇಳಿತು. ಯಾರೋ "ಚಾ ಬಂತು" ಎಂದದ್ದು ಕೇಳಿತು. ಹೊಳೆಯಾಚೆ ಬಸ್ಸಿನ ಕಂಡಕ್ಟರ್ ಕೂಗಿದ್ದೂ ಕೇಳಿತು. ಬೆಣೆ ಮಾತ್ರ ಮೂಕ. ಕೊನೆಗೆ ಶಹಲಾಳಿಗೆ ಹೊಳೆಯಿತು. "ಬಾಪಾ, ಕಾಲ್‌ನಲ್ಲಿ ಮನುಷ್ಯರ ಸ್ವರ ಮಾತ್ರ ಬಿಡ್ತದೆ. ಬಾಕಿ ಎಲ್ಲ ಗಲಾಟೆ ಅಂತ ಫೋನೇ ಸೋಸಿ ಬಿಸಾಡ್ತದೆ."

ನೂರ ಇಪ್ಪತ್ತು ವರ್ಷ ಇಗರ್ಜಿಯನ್ನು ಎತ್ತಿ ಹಿಡಿದ ಮಾತು ಫೋನಿನ ಮಟ್ಟಿಗೆ ಗಲಾಟೆ. "ಚಾ ಬಂತು" ಎಂಬುದು ಮಾತು.

ಆಮೇಲೆ ಅವಳೇ ದಾರಿ ಕಂಡುಕೊಂಡಳು. ಕಾಲ್ ಬೇಡ, ವಾಯ್ಸ್ ಮೆಸೇಜ್. ಪ್ರತಿ ಬೆಣೆಯ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದಳು. ಮೂಸಾಕ ಶೆಡ್ಡಿನ ಹಿಂದೆ ಮರದ ಪುಡಿಯ ರಾಶಿಯ ಮೇಲೆ ಕೂತು, ಫೋನನ್ನು ಕಿವಿಗೆ ಅವಚಿಕೊಂಡು ಕೇಳಿದರು. ಟಕ್. ಟಕ್. ಟಕ್. ಡೊಬ್. "ಎರಡನೇ ಕಂಬದ ನಾಲ್ಕನೇದು. ಅದನ್ನು ತೆಗೀಲಿ." ತುಕ್ರ ತೆಗೆದ. ಬೆಣ್ಣೆಯಲ್ಲಿ ಸಿಕ್ಕಿಸಿದ ಹಾಗೆ ಬಂತು ಬೆಣೆ. ಮತ್ತೆ ಇಪ್ಪತ್ತಮೂರು ಮೆಸೇಜು. ಮತ್ತೆ ಒಂದು ಡೊಬ್.

ಎರಡು ದಿನದಲ್ಲಿ ಒಂಬತ್ತು ಬೆಣೆ ಇಳಿದವು. ತೊಲೆ ಒಂದು ಕೂದಲಿನಷ್ಟೂ ಅಲುಗಲಿಲ್ಲ. ಎರಡನೆಯ ದಿನ ಸಂಜೆ ಮೂಸಾಕ ಮೆಸ್ಸಿನಲ್ಲಿ ಎರಡು ಸಲ ಬಿರಿಯಾನಿ ಹಾಕಿಸಿಕೊಂಡರು. "ಇಲ್ಲಿ ಕೂತು ಅಲ್ಲಿ ಕೆಲಸ ಮಾಡ್ತಿದ್ದೇನೆ. ವರ್ಕ್ ಫ್ರಮ್ ಹೋಮ್ ಅಲ್ಲ ಮಾರಾಯ, ಇದು ವರ್ಕ್ ಟು ಹೋಮ್" ಎಂದರು. ಅವರು ಹೊಸ ಮಾತು ಆಡಿದ್ದನ್ನು ನಾವೆಲ್ಲ ಮೊದಲ ಸಲ ಕೇಳಿದ್ದು.

ಮೂರನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಬಸ್ಸು ಶೆಡ್ಡಿನ ಹತ್ತಿರ ನಿಲ್ಲದೆ ಸೀದಾ ಗೇಟಿಗೆ ಹೋಯಿತು. ಒಳಗೆ ಹಲಗೆ ಕತ್ತರಿಸುವವರು ಸಾಲದೆಂದು ಶೆಡ್ಡಿನವರನ್ನೆಲ್ಲ ಪ್ಲಾಂಟಿಗೆ ಹಾಕಿದ್ದರು. ಪ್ಲಾಂಟಿನ ಒಳಗೆ ಫೋನ್ ಒಯ್ಯುವ ಹಾಗಿಲ್ಲ. ಎಣ್ಣೆ, ಅನಿಲ ತುಂಬಿದ ಜಾಗ. ಒಂದು ಕಿಡಿ ಸಾಕು. ಗೇಟಿನ ಕಾವಲುಗಾರ ಬುಟ್ಟಿ ಮುಂದೆ ಹಿಡಿದ. "ಯಲ್ಲಾ, ಯಲ್ಲಾ, ಮೊಬೈಲ್."

ಫೈಲುಗಳ ಚೀಲ ಹಿಡಿದು ಅನಸ್ ಅದೇ ಬಸ್ಸಿನಲ್ಲಿ ಬಂದಿದ್ದ. ಅವನು ವಾಪಸು ಕ್ಯಾಂಪಿಗೆ ಹೋಗುವವನು. ಸಾಲು ಮುಂದೆ ಸರಿಯುತ್ತಿತ್ತು. ಮೂಸಾಕ ಅವನ ತೋಳು ಹಿಡಿದರು.

"ಅನಸ್, ಊರಿಗೆ ಒಂದು ಮಾತು ಹೇಳು. ಇವತ್ತು ಮುಟ್ಟಬಾರದು ಅಂತ. ಸಂಜೆವರೆಗೆ ನಿಲ್ಲಿಸ್ಲಿಕ್ಕೆ ಹೇಳು. ನಾನು ಕೇಳದೆ ಒಂದು ಬೆಣೆಯೂ ತೆಗೀಬಾರದು."

"ಆಯ್ತು ಭಾಯ್, ನೀವು ಟೆನ್ಷನ್ ಮಾಡ್ಬೇಡಿ. ಪಾದ್ರಿಯವರ ನಂಬರ್ ಲೆಟರ್‌ಹೆಡ್ಡಿನಲ್ಲಿ ಉಂಟು. ಈಗಲೇ ಕಳಿಸ್ತೇನೆ."

ಮೂಸಾಕನ ಫೋನು ಬುಟ್ಟಿಗೆ ಬಿತ್ತು.

ಅನಸ್ ಮಾತಿಗೆ ತಪ್ಪುವವನಲ್ಲ. ಕ್ಯಾಂಪಿಗೆ ಬಂದವನೇ ಕಳಿಸಿದ. ಆದರೆ ಹನ್ನೊಂದು ವರ್ಷ ಕಚೇರಿ ಕಾಗದ ಬರೆದ ಕೈ ಅದು. ದೊಡ್ಡ ಗುರುಗಳಿಗೆ 'ಮುಟ್ಟಬೇಡಿ, ನಿಲ್ಲಿಸಿ' ಎಂದು ಬರೆಯುವುದು ಮರ್ಯಾದೆಯಲ್ಲವೆಂದು ಅವನಿಗೆ ತೋರಿತು. ಅದನ್ನು ತಿದ್ದಿ, ತೀಡಿ, ಒಳ್ಳೆಯ ಇಂಗ್ಲಿಷಿಗೆ ಹಾಕಿದ. ಅದರ ಸಾರ ಹೀಗಿತ್ತು: ಮಾನ್ಯರೇ, ಶ್ರೀ ಮೂಸಾ ಅವರು ಕಾರ್ಯನಿಮಿತ್ತ ಇಂದು ಸಂಜೆಯವರೆಗೆ ಲಭ್ಯರಿರುವುದಿಲ್ಲ. ದಯವಿಟ್ಟು ಇದನ್ನು ಗಮನಿಸಿ ತಮ್ಮ ಮಟ್ಟದಲ್ಲಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.

ಆ ಕಚೇರಿಯಿಂದ ಹೊರಡುವ ಪ್ರತಿ ಕಾಗದವೂ ಹೀಗೇ ಮುಗಿಯುತ್ತದೆ. ಈವರೆಗೆ ಅದನ್ನು ಓದಿ ಯಾರೂ ಯಾವ ಕ್ರಮವನ್ನೂ ಕೈಗೊಂಡಿರಲಿಲ್ಲ.

ಫಾದರ್ ಆಲ್ಬನ್ ಕೈಗೊಂಡರು.

ಸಂಜೆ ಆರೂಕಾಲಿಗೆ ಮೂಸಾಕ ಗೇಟಿನಿಂದ ಹೊರಬಂದಾಗ ರಾಬಿಗ್‌ನ ಬಿಸಿಲು ಇನ್ನೂ ಕಣ್ಣು ಚುಚ್ಚುತ್ತಿತ್ತು. ಊರಿನಲ್ಲಿ ಆಗ ಎಂಟೂಮುಕ್ಕಾಲು. ಬುಟ್ಟಿಯಿಂದ ಫೋನ್ ತೆಗೆದುಕೊಂಡರು. ಮೂವತ್ತೊಂದು ವಾಯ್ಸ್ ಮೆಸೇಜುಗಳಿದ್ದವು. ಬಸ್ಸು ಬಂದಿರಲಿಲ್ಲ. ಗೇಟಿನ ಪಕ್ಕ ಅವರೇ ಮಾಡಿದ ಪೆಟ್ಟಿಗೆಯೊಂದು ಒಡೆದು ಬಿದ್ದಿತ್ತು. ಅದರ ಮೇಲೆ ಕೂತು ಮೊದಲನೆಯದನ್ನು ಒತ್ತಿದರು. ಕೊನೆಯದನ್ನು ಮೊದಲು ಕೇಳಬಹುದಿತ್ತು. ಬೆಣೆಯನ್ನು ಸಾಲು ತಪ್ಪಿ ಕೇಳಿ ಅಭ್ಯಾಸವಿಲ್ಲ ಅವರಿಗೆ.

"ಬಾಪಾ, ನೀವು ಲಭ್ಯ ಇಲ್ವಂತೆ. ನಮ್ಮ ಮಟ್ಟದಲ್ಲಿ ಮಾಡ್ಲಿಕ್ಕೆ ನೀವೇ ಹೇಳಿದ್ದೀರಂತೆ, ಹೌದಾ? ನಾನು ಎಲ್ಲ ರೆಕಾರ್ಡ್ ಮಾಡಿ ಕಳಿಸ್ತೇನೆ. ನಡುವಲ್ಲಿ ಫೋನ್ ಸಿಕ್ಕಿದ್ರೆ ಹೇಳಿ."

ಆಮೇಲೆ ಸದ್ದುಗಳು. ಈ ಸಲ ಪ್ರತಿಯೊಂದಕ್ಕೂ ಬೇರೆ ಮೆಸೇಜಿಲ್ಲ, ಒಂದರಲ್ಲೇ ನಾಲ್ಕೈದು ಬೆಣೆ. ಟಕ್, ಟಕ್, ಡೊಬ್. ಅದರ ಹಿಂದೆ ಶಹಲಾಳ ದನಿ: "ಫಾದರ್, ಐದನೇ ಕಂಬದ ಒಂದನೇದು ಅನಿಸ್ತದೆ. ತುಕ್ರಣ್ಣನಿಗೆ ಕೈ ತೋರಿಸಿ." ಮೂಸಾಕ ತಲೆಯಾಡಿಸಿದರು. ಸರಿ. ಬೆಣೆ ಬಂದ ಸದ್ದಾಯಿತು. ಮತ್ತೆ ಟಕ್, ಟಕ್, ಟಕ್. ಮತ್ತೆ ಅವಳು ಹೇಳಿದ್ದು ಸರಿ. ಮೂರನೆಯದೂ ಸರಿ. ನಾಲ್ಕನೆಯದರಲ್ಲಿ ಎರಡು ದನಿ ಹತ್ತಿರ ಹತ್ತಿರವಿದ್ದವು. ಅವಳು ಎರಡೆರಡು ಸಲ ತಟ್ಟಿಸಿ, ಮೂಸಾಕ ಆರಿಸುತ್ತಿದ್ದುದನ್ನೇ ಆರಿಸಿದಳು. ಕೈ ಹಿಡಿದು ಕಲಿಸುವ ವಯಸ್ಸಿನಲ್ಲಿ ಅವಳನ್ನು ಅವರು ವರ್ಷಕ್ಕೊಮ್ಮೆ, ಒಂದು ತಿಂಗಳು ಮಾತ್ರ ಕಂಡಿದ್ದರು. ಹೆಣ್ಣುಮಕ್ಕಳನ್ನು ತೊಲೆ ಹತ್ತಿಸುವ ಪದ್ಧತಿಯೂ ಇರಲಿಲ್ಲ. ಎರಡೇ ದಿನ ಫೋನ್ ಹಿಡಿದು ನಿಂತು ಕಲಿತಿದ್ದಳು.

ಹತ್ತೊಂಬತ್ತನೆಯ ಮೆಸೇಜಿನಲ್ಲಿ ಒಂದು ಗಂಡು ದನಿ ಕೇಳಿತು. ಮರ ಸಾಗಿಸಲು ಬಂದ ಕಂಟ್ರಾಕ್ಟರನದು. "ಫಾದರ್, ಹನ್ನೊಂದಕ್ಕೆ ಭರತ ಮುಗೀತದೆ. ನೀರು ಇಳಿದ್ರೆ ದೋಣಿ ಕೆಸರಲ್ಲಿ ಕೂರ್ತದೆ. ಈ ಟಕ್ ಟಕ್ ಎಷ್ಟೊತ್ತು?"

ಇಪ್ಪತ್ತನೆಯದು: ಟಕ್, ಟಕ್, ಟಕ್. ಮೂರೂ ಬಿಗಿ. "ಇಲ್ಲಿ ಯಾವುದೂ ಬೇಡ" ಎಂದು ಮೂಸಾಕ ಫೋನಿಗೆ ಹೇಳಿದರು.

"ಇದ್ರಲ್ಲಿ ಯಾವುದೂ ಬೇಡ ಅನಿಸ್ತದೆ, ಫಾದರ್" ಎಂದಳು ಶಹಲಾ ಇಪ್ಪತ್ತೊಂದನೆಯದರಲ್ಲಿ. "ಆಚೆ ಕಂಬದ್ದು ನೋಡುವಾ."

"ಅನಿಸ್ತದೆ ಅಂದ್ರೆ ಆಗ್ಲಿಕ್ಕಿಲ್ಲ ಮಗಾ" ಎಂದರು ಫಾದರ್ ಆಲ್ಬನ್. ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಖಂಡಿತ ಗೊತ್ತುಂಟಾ ನಿಂಗೆ?"

ಆಮೇಲೆ ಅವಳು: "ಖಂಡಿತ ಅಂತ... ಬಾಪ ಇದ್ದಿದ್ರೆ..."

"ಬೇಡ!" ಎಂದು ಮೂಸಾಕ ಕೂಗಿದರು. ಬಸ್ಸಿಗೆ ಕಾಯುತ್ತಿದ್ದ ನಾವೆಲ್ಲ ತಿರುಗಿ ನೋಡಿದೆವು. "ತೆಗೀಬೇಡಿ ಮಾರಾಯ್ರೇ, ಬೇಡ!" ಒಡೆದ ಪೆಟ್ಟಿಗೆಯ ಮೇಲೆ ಕೂತು, ಹತ್ತು ಗಂಟೆ ಹಳೆಯದಾದ ಮಾತಿಗೆ ಅಡ್ಡ ಬರುವವರ ಹಾಗೆ ಎಡಗೈ ಮುಂದೆ ಚಾಚಿದ್ದರು.

ಇಪ್ಪತ್ತೆರಡನೆಯ ಮೆಸೇಜು ನಾಲ್ಕೇ ಸೆಕೆಂಡಿನದು. ದಪ್ಪ ಬಟ್ಟೆಯನ್ನು ಉದ್ದಕ್ಕೆ ಹರಿದ ಹಾಗೆ ಒಂದು ಸದ್ದು. ಯಾರೋ "ಯೇಸೂ" ಎಂದರು. ಅಲ್ಲಿಗೆ ಮುಗಿಯಿತು, ಶಹಲಾಳ ಬೆರಳು ಜಾರಿರಬೇಕು.

ಮೂಸಾಕ ಅದನ್ನು ಎರಡನೆಯ ಸಲ ಕೇಳಲಿಲ್ಲ. ಉಳಿದವನ್ನು ಒಂದೊಂದಾಗಿ ಕೇಳಿದರು. ಯಾರಿಗೂ ಪೆಟ್ಟಾಗಿರಲಿಲ್ಲ. ತುಕ್ರ ಕಂಬ ಅಪ್ಪಿ ಹಿಡಿದು ಇಳಿದಿದ್ದ. ಅವನದ್ದೂ ಒಂದು ಮೆಸೇಜಿತ್ತು, ಕಿವಿ ಕೇಳದವರು ಮಾತನಾಡುವಷ್ಟು ಎತ್ತರದ ದನಿಯಲ್ಲಿ: "ಬ್ಯಾರಿಗಳೇ, ಕೆಳಗಿಂದ ತೆಗಿ ಅಂತ ಕೈ ಮಾಡಿದ್ರು, ಹೊಡೆದದ್ದು ನನ್ನ ಕೈ. ಮಗು ಬೇಡ ಅಂತ ಹೇಳಿತಂತೆ. ನನಗೆ ಕೇಳಲಿಲ್ಲ." ಅರ್ಧ ತೊಲೆ ಇನ್ನೂ ಹತ್ತು ಬೆಣೆಗಳ ಹಿಡಿತದಲ್ಲಿ ಮೇಲೆಯೇ ನಿಂತಿತ್ತು. ದೋಣಿ ಖಾಲಿ ಹೋಗಿತ್ತು. ಮಧ್ಯಾಹ್ನ ಸಮಿತಿ ಸೇರಿತ್ತು. ಕಾಂಕ್ರೀಟಿನವರು ಗೆದ್ದ ಹಾಗೆ ಕಾಣಿಸಿಕೊಳ್ಳದಿರಲು ತುಂಬ ಕಷ್ಟಪಟ್ಟಿದ್ದರಂತೆ.

ಮೂವತ್ತನೆಯದು ಫಾದರ್ ಆಲ್ಬನ್‌ರದು. "ಮೂಸಾ, ನೀವು ಬೇಸರ ಮಾಡ್ಬಾರ್ದು. ಇದ್ದದ್ದರಲ್ಲಿ ಬೆಂಚು ಮಾಡುವಾ ಅಂತ ಆಗಿದೆ. ಹೊಸ ಇಗರ್ಜಿಯಲ್ಲಿ ಇಡ್ಲಿಕ್ಕೆ. ಉಳಿದ ಹತ್ತು ಬೆಣೆ ನಾಳೆ ತೆಗೀತೇವೆ. ಅರ್ಧವಾದ್ರೂ ಸರಿ ಇಳಿಯಲಿ. ನೀವು ಬೆಳಿಗ್ಗೆ ಹತ್ತು ಗಂಟೆಗೆ ಫೋನಿಗೆ ಸಿಕ್ಕಬೇಕು ಆಯ್ತಾ?"

ಊರಿನ ಹತ್ತು ಗಂಟೆಗೆ ಇಲ್ಲಿ ಏಳೂವರೆ. ಆರಕ್ಕೇ ಫೋನು ಬುಟ್ಟಿಗೆ.

ಕೊನೆಯದು ಶಹಲಾಳದು. ಹಿಂದೆ ಮನೆಯ ಫ್ಯಾನಿನ ಸದ್ದು. "ಬಾಪಾ, ಒಂದೇ ಒಂದು ಹೇಳಿ. ನಾನು ಬೇಡ ಹೇಳಿದ್ದು ಸರಿಯಾ?"

ಅನಸ್ ಬಸ್ಸಿನಲ್ಲಿ ಬಂದಿಳಿದ. ಮೂಸಾಕನ ಮುಖ ನೋಡಿ, "ಎಂತ ಆಯ್ತು ಭಾಯ್? ನಾನು ಕಳಿಸಿದ್ದೆನಲ್ಲ, ನೀಟಾಗಿ?" ಎಂದು ತನ್ನ ಫೋನ್ ತೋರಿಸಿದ. ಮೂಸಾಕ ಓದಿದರು. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

"ನೀಟಾಗಿ ಉಂಟು" ಎಂದರು.

ಮಗಳಿಗೆ ಏನು ಬರೆಯುವುದು? ಸರಿಯಿತ್ತು ಎಂದರೆ, ಖಂಡಿತ ಎಂಬ ಒಂದು ಮಾತು ಬಾಯಿಗೆ ಬಾರದೆ ಇಗರ್ಜಿ ಹೋಯಿತು ಎಂದು ಅವಳು ಜೀವಮಾನವಿಡೀ ಹೊರಬೇಕು. ತಪ್ಪಿತ್ತು ಎಂದರೆ ಅವಳು ಇವತ್ತು ನಿದ್ದೆ ಮಾಡಿಯಾಳು. ನಾಳೆ ಆ ಹತ್ತು ಬೆಣೆಗಳ ಕೆಳಗೆ ನಿಂತು ತನ್ನ ಕಿವಿಯನ್ನೇ ನಂಬಳು. ಮೂಸಾಕ ಒಮ್ಮೆ ಬರೆದು ಅಳಿಸಿದರು. ಇನ್ನೊಮ್ಮೆ ಬರೆದು ಅಳಿಸಿದರು. ಚಾಲಕ ಹಾರ್ನ್ ಹೊಡೆದು "ಯಲ್ಲಾ" ಎಂದ. ನಾವೆಲ್ಲ ಹತ್ತಿದೆವು. ಅವರು ಕೊನೆಯವರು. ಮೆಟ್ಟಿಲಿನ ಮೇಲೆ ನಿಂತೇ ಬರೆದರು: ಸರಿ ಇತ್ತು. ನಾಳೆ ಖಂಡಿತ ಅಂತ ಹೇಳು. ನಾನು ಇರುವುದಿಲ್ಲ.

ಕಳಿಸಿ ನನ್ನ ಪಕ್ಕದ ಸೀಟಿಗೆ ಬಂದು ಕೂತರು. ಅವಳು ನೋಡಿದ ಗುರುತು ನೀಲಿಯಾಯಿತು. ಅವಳು ಬರೆಯುತ್ತಿದ್ದಾಳೆಂದು ಫೋನ್ ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಮತ್ತೆ ನಿಂತಿತು. ಕ್ಯಾಂಪು ಬರುವ ತನಕವೂ ಹಾಗೇ ಆಗುತ್ತಿತ್ತು, ಮಾತು ಮಾತ್ರ ಬರಲಿಲ್ಲ. ಮೂಸಾಕ ಪರದೆಯ ಗಾಜನ್ನು ಗೆಣ್ಣಿನಿಂದ ಒಮ್ಮೆ ಮೆಲ್ಲಗೆ ತಟ್ಟಿ, ತಲೆ ಓರೆ ಮಾಡಿ ಕೂತಿದ್ದರು.